ನಿಮ್ಮ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ



ನಲವತ್ತೈದು ದಾಟಿದ ಮೇಲೆ ಸ್ವಂತದ್ದೊಂದು ಉದ್ಯೋಗ ಶುರು ಮಾಡಬೇಕು ಅನ್ನುವವರ ಜೊತೆ ಇವತ್ತು ನಾಲ್ಕು ಮಾತು. ಮಕ್ಕಳು ಒಂದು ದಡ ಮುಟ್ಟಿದ್ದಾರೆ. ಮನೆ ಸಾಲ ತೀರುತ್ತ ಬಂದಿದೆ. ಕೈಯಲ್ಲಿ ಒಂದು ಕಸುಬಿದೆ. ನಿಮ್ಮ ಕೈಯ ಚಟ್ನಿಪುಡಿ ತಿಂದ ನೆಂಟರು, "ಅಕ್ಕಾರ, ಇದನ್ನ ಯಾಕ ಮಾರಬಾರದು?" ಅಂದಿದ್ದಾರೆ. ಆ ಮಾತು ಮನಸ್ಸಿನಲ್ಲಿ ಕೂತಿದೆ. ಎಷ್ಟೋ ವರ್ಷ ಇನ್ನೊಬ್ಬರಿಗಾಗಿ ದುಡಿದಾಯಿತು, ಇನ್ನು ನನ್ನ ಹೆಸರಲ್ಲಿ ಏನಾದರೂ ಮಾಡೋಣ ಅನ್ನಿಸಿದೆ.

ಮಾಡಿ. ಖಂಡಿತ ಮಾಡಿ. ಬೇಡ ಅನ್ನಲು ನಾನು ಬಂದಿಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು, ನಿಮ್ಮಂಥ ನೂರಾರು ಅಕ್ಕ-ತಂಗಿಯರ ಅರ್ಜಿ ಓದಿ ನಿವೃತ್ತಳಾದವಳು ನಾನು. ಅರ್ಜಿಗಳಲ್ಲಿ ಕಡಾಯಿಗೆ ಬೆಲೆ ಇರುತ್ತಿತ್ತು. ಮಿಕ್ಸರಿಗೆ ಬೆಲೆ ಇರುತ್ತಿತ್ತು. ಪ್ಯಾಕೆಟ್ ಅಂಟಿಸುವ ಯಂತ್ರಕ್ಕೂ ಬೆಲೆ ಇರುತ್ತಿತ್ತು. ಇವನ್ನೆಲ್ಲ ನಡೆಸುವ ಹೆಣ್ಣುಮಗಳ ಮೈಗೆ ಮಾತ್ರ ಒಂದು ರೂಪಾಯಿಯನ್ನೂ ಬರೆದಿರುತ್ತಿರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಖಾಲಿ ಬಿಟ್ಟ ಸಾಲಿನದು.

ಇಂಥ ಭಾಷಣಗಳಲ್ಲಿ ದೊಡ್ಡವರ ಕಥೆ ಹೇಳುವುದು ರೂಢಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದಾಗ ಐವತ್ತು ದಾಟಿದ್ದರು. ಫಾಲ್ಗುಣಿ ನಾಯರ್ 2012ರಲ್ಲಿ ನೈಕಾ ಕಂಪನಿ ಶುರು ಮಾಡಿದಾಗ ಐವತ್ತರ ಹೊಸ್ತಿಲಲ್ಲಿದ್ದರು. ಎರಡೂ ನಿಜ. ಕೇಳಿದರೆ ಹುರುಪು ಬರುತ್ತದೆ. ಆದರೆ ಅವರಲ್ಲಿ ಒಬ್ಬರು ಅದಾಗಲೇ ಹೆಲಿಕಾಪ್ಟರ್ ಸೇವೆ ನಡೆಸಿದವರು. ಇನ್ನೊಬ್ಬರು ದೊಡ್ಡ ಬ್ಯಾಂಕಿನ ಬಳಗದಲ್ಲಿ ಎತ್ತರದ ಹುದ್ದೆ ನೋಡಿದವರು. ಸಂಜೆ ಯಾರು ಪಾತ್ರೆ ತೊಳೆಯಬೇಕು ಅನ್ನುವ ಪ್ರಶ್ನೆ ನಮ್ಮನ್ನು ಕಾಡುವಷ್ಟು ಅವರನ್ನು ಕಾಡಿರಲಿಕ್ಕಿಲ್ಲ. ಹಾಗಾಗಿ ನಾವು ನಮ್ಮ ಅಡುಗೆಮನೆಯ ಲೆಕ್ಕವನ್ನೇ ಹಿಡಿಯೋಣ.

ಮೊದಲು ಹೊತ್ತಿನ ಲೆಕ್ಕ. ಕೇಂದ್ರ ಸರ್ಕಾರ 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಹೆಚ್ಚುಕಡಿಮೆ ಐದು ಗಂಟೆ ಕೊಡುತ್ತಾರೆ ಅಂತ ತಿಳಿಯಿತು. ಗಂಡಸರು ಕೊಡುವುದು ಸುಮಾರು ಒಂದೂವರೆ ಗಂಟೆ. ಈಗ ನೀವು ದಿನಕ್ಕೆ ಎಂಟು ಗಂಟೆಯ ಉದ್ಯೋಗ ಶುರು ಮಾಡಿದಿರಿ ಅನ್ನಿ. ಎಂಟು ಮತ್ತು ಐದು, ಹದಿಮೂರು. ಅತ್ತೆಯವರ ಔಷಧದ ಹೊತ್ತು, ಮೊಮ್ಮಗುವನ್ನು ಎತ್ತಿಕೊಳ್ಳುವ ಹೊತ್ತು ಇನ್ನೂ ಸೇರಿಲ್ಲ. ಇದು ಇಪ್ಪತ್ತೈದರ ಮೈಗೇ ಭಾರ. ಐವತ್ತರ ಮೈಗೆ ಕೇಳಬೇಕೇ?

ಈ ಹದಿಮೂರು ಗಂಟೆಯನ್ನು ನೆನಪಿನಲ್ಲಿಡಿ. ಬೆಲೆಯ ಲೆಕ್ಕಕ್ಕೆ ಬರೋಣ.

ಶೇಂಗಾ ಚಟ್ನಿಪುಡಿಯನ್ನೇ ತೆಗೆದುಕೊಳ್ಳೋಣ. ಕಲಬುರಗಿ ಕಡೆ ಶೇಂಗಾ ಹಿಂಡಿ ಅಂತಾರೆ. ಐದು ಕಿಲೋ ಪುಡಿ ಮಾಡಬೇಕು. ನಿಮ್ಮೂರಿನ ದರ ಬೇರೆ ಇರಬಹುದು, ನಾನು ದುಂಡು ಅಂಕಿ ಹೇಳುತ್ತೇನೆ. ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಶೇಂಗಾಕ್ಕೆ 600 ರೂಪಾಯಿ. ಬೆಳ್ಳುಳ್ಳಿ, ಖಾರದಪುಡಿ, ಜೀರಿಗೆ, ಉಪ್ಪು, ಎಣ್ಣೆ ಎಲ್ಲ ಸೇರಿ 250. ಗ್ಯಾಸು, ಕರೆಂಟು 50. ಪ್ಯಾಕೆಟ್ಟು, ಚೀಟಿ 100. ಒಟ್ಟು ಸಾವಿರ ರೂಪಾಯಿ. ಕಿಲೋಗೆ 260ರಂತೆ ಮಾರಿದಿರಿ. ಕೈಗೆ 1,300 ಬಂತು. ಮುನ್ನೂರು ಉಳಿಯಿತು. "ಮುನ್ನೂರು ಲಾಭ ಆತು" ಅಂತ ಮನೆಯಲ್ಲಿ ಹೇಳಿದಿರಿ.

ಲಾಭವೇ ಅದು? ಕೆಲಸ ಎಷ್ಟಾಯಿತು ನೋಡೋಣ. ಶೇಂಗಾದೊಳಗಿನ ಹರಳು ಆರಿಸಿದಿರಿ. ಸಣ್ಣ ಉರಿಯಲ್ಲಿ ಹುರಿದಿರಿ. ಉರಿ ಹೆಚ್ಚಾದರೆ ಮೇಲೆ ಕಪ್ಪು, ಒಳಗೆ ಹಸಿ. ಆದ್ದರಿಂದ ಒಲೆ ಬಿಟ್ಟು ಅತ್ತಿತ್ತ ಹೋಗುವ ಹಾಗಿಲ್ಲ. ಹುರಿದದ್ದು ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಬಿಡಿಸಿದಿರಿ. ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿದಿರಿ. ಬೆಳ್ಳುಳ್ಳಿ ಸುಲಿದಿರಿ. ಇದೊಂದೇ ಒಂದು ಮಧ್ಯಾಹ್ನ ತಿನ್ನುತ್ತದೆ. ಆಮೇಲೆ ಕುಟ್ಟುವುದು. ಮಿಕ್ಸರಿನಲ್ಲಿ ಒಮ್ಮೆಗೇ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಖಾರದ ಘಾಟಿಗೆ ಸೀನುತ್ತ ಸೀನುತ್ತ ತೂಕ ಮಾಡಿ ಪ್ಯಾಕೆಟ್ ಕಟ್ಟಿದಿರಿ. ಎಲ್ಲ ಸೇರಿ ಎಂಟು ಗಂಟೆ ಹಿಡಿಯಿರಿ.

ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುವ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ 2025-26ರ ಸಾಲಿಗೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ನಿಮ್ಮ ಕೈಗೆ ಬಂದದ್ದು ಮುನ್ನೂರು. ಅಂದರೆ ನೀವು ಲಾಭ ಮಾಡಿಲ್ಲ. ಸರ್ಕಾರಿ ಕೂಲಿಗಿಂತ ಕಡಿಮೆ ಕೂಲಿಗೆ ನಿಮ್ಮನ್ನು ನೀವೇ ದುಡಿಸಿಕೊಂಡಿದ್ದೀರಿ.

ಈಗ ಆ ಖಾಲಿ ಸಾಲು ತುಂಬೋಣ. ನಿಮ್ಮ ಕೂಲಿ 400. ರಜೆಯ ದಿನಕ್ಕೆ, ವೈದ್ಯರ ಫೀಸಿಗೆ, ಮಿಕ್ಸರ್ ಕೆಟ್ಟರೆ ರಿಪೇರಿಗೆ ಅಂತ ಒಂದು ನೂರು. ಇಷ್ಟಾದ ಮೇಲೆ ಲಾಭ 250. ಸಾವಿರದ ಮೇಲೆ ಇವಿಷ್ಟು ಕೂಡಿದರೆ 1,750. ಕಿಲೋಗೆ 350 ಆಯಿತು. ಕಾಲು ಕಿಲೋ ಪ್ಯಾಕೆಟ್ಟಿಗೆ ಸುಮಾರು 90 ರೂಪಾಯಿ.

"ಇಷ್ಟು ಹೇಳಿದರೆ ಯಾರು ತೊಗೋತಾರ್ರೀ?" ಅಂತ ಕೇಳುತ್ತೀರಿ. ಕೆಲವರು ತೆಗೆದುಕೊಳ್ಳುವುದಿಲ್ಲ. ಹತ್ತರಲ್ಲಿ ಮೂವರು ನಾಲ್ವರು ಬಿಟ್ಟು ಹೋದಾರು. ಬಿಟ್ಟು ಹೋಗುವವರು ಯಾರು ಅಂತ ಗಮನಿಸಿ. ಹೆಚ್ಚಾಗಿ ನೆಂಟರೇ. ಮೊದಲು ಬಿಟ್ಟಿ ತಿಂದವರಿಗೆ 90 ರೂಪಾಯಿ ದುಬಾರಿಯೇ. ಉಳಿಯುವವರು ರುಚಿಗೆ ಉಳಿದವರು. ಐದು ಕಿಲೋ ಜಾಗದಲ್ಲಿ ಮೂರು ಕಿಲೋ ಮಾರಿದರೂ ಕೂಲಿ ಬರುತ್ತದೆ, ಲಾಭವೂ ಬರುತ್ತದೆ, ಸಂಜೆ ಮೂರು ಗಂಟೆ ಉಳಿಯುತ್ತದೆ. ಆರೋಗ್ಯ ನೋಡಿಕೊಳ್ಳಲು ಹೊತ್ತೇ ಇಲ್ಲ ಅನ್ನುತ್ತೇವಲ್ಲ, ಆ ಹೊತ್ತು ಸಿಗುವುದು ಹೀಗೆ. ಬೆಲೆಯ ಚೀಟಿಯಲ್ಲಿ ಸಿಗುತ್ತದೆ.

ಲಿಜ್ಜತ್ ಹಪ್ಪಳದ ಕಥೆ ನೀವು ಕೇಳಿರುತ್ತೀರಿ. 1959ರಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ಏಳು ಜನ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ತಂದು, ಮನೆಯ ಮಾಳಿಗೆ ಮೇಲೆ ಹಪ್ಪಳ ಲಟ್ಟಿಸಿದರು. ಈಗ ಅಲ್ಲಿ ಸುಮಾರು 45 ಸಾವಿರ ಹೆಂಗಸರು ಇದ್ದಾರೆ. ಈ 80 ರೂಪಾಯಿಯ ಮಾತನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ಸಂಗತಿಯನ್ನು ಅಷ್ಟಾಗಿ ಹೇಳುವುದಿಲ್ಲ. ಅಲ್ಲಿ ಕಲಸಿದ ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸಿ ತಂದ ಹೆಣ್ಣುಮಗಳಿಗೆ ಲಟ್ಟಿಸಿದ ಕೂಲಿ ಮೊದಲು ಸಿಗುತ್ತದೆ. ಲಾಭ ಹಂಚಿಕೊಳ್ಳುವುದು ಆಮೇಲೆ. ಒಡತಿಯೂ ಅವಳೇ, ಕೂಲಿ ಪಡೆಯುವವಳೂ ಅವಳೇ. ಎರಡನ್ನೂ ಬೇರೆ ಬೇರೆ ಬರೆದಿಟ್ಟರು. ಆ ಸಂಸ್ಥೆ ಇಷ್ಟು ವರ್ಷ ನಿಂತದ್ದಕ್ಕೆ 80 ರೂಪಾಯಿಯ ಪವಾಡಕ್ಕಿಂತ ಈ ಬರವಣಿಗೆಯೇ ಹೆಚ್ಚಿನ ಕಾರಣ ಅಂತ ನನ್ನ ಎಣಿಕೆ.

ಇಲ್ಲಿಯವರೆಗೆ ಎರಡು ಲೆಕ್ಕ ಆಯಿತು. ಒಂದು, ದಿನದ ಹೊತ್ತು. ಇನ್ನೊಂದು, ಬೆಲೆಯೊಳಗೆ ನಿಮ್ಮ ಕೂಲಿ. ಮೂರನೆಯದು ಮಿತಿ.

ಶ್ರಾವಣ ಬಂತು ಅನ್ನಿ. ಪಂಚಮಿಗೆ ಉಂಡಿ ಬೇಕು, ಗಣೇಶ ಚೌತಿಗೆ ಕಡಬು ಬೇಕು. ಹಿಂದೆಯೇ ದಸರಾ, ದೀಪಾವಳಿ, ಮದುವೆ ಸೀಸನ್ನು. ಫೋನ್ ಬಿಡುವು ಕೊಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ, "ಅಕ್ಕಾರ, ನಾಳೆ ಸಂಜಿಗೆ ನೂರು ಕಟಕ್ ರೊಟ್ಟಿ ಬೇಕಿತ್ತು" ಅಂತ ಬರುತ್ತದೆ. ಹೊಸ ಉದ್ಯೋಗ. ಇಲ್ಲ ಅಂದರೆ ಗಿರಾಕಿ ಹೋದಾನು ಅನ್ನುವ ಅಂಜಿಕೆ. ಹೂಂ ಅಂದುಬಿಡುತ್ತೀರಿ. ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯಲು ಕೂರುತ್ತೀರಿ.

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂದು ಕಟ್ಟಳೆ ಇದೆ. ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಬಿತ್ತಿಗೆಯ ಹದ ತಪ್ಪಿ ಹೋಗುತ್ತದೆ ಅಂದರೂ ಹಿರಿಯರು ನೊಗ ಮುಟ್ಟಗೊಡುತ್ತಿರಲಿಲ್ಲ. ಈಗ ಟ್ರ್ಯಾಕ್ಟರ್ ಬಂದ ಮೇಲೆ ಕಟ್ಟಳೆ ಸಡಿಲಾಗಿದೆ, ಆ ಮಾತು ಬಿಡಿ. ಎತ್ತಿಗೆ ಒಂದು ವಾರ ಗೊತ್ತುಮಾಡಿದ ಅದೇ ಮನೆಯಲ್ಲಿ ರೊಟ್ಟಿ ಬಡಿಯುವವಳಿಗೆ ಯಾವ ವಾರ ಇದೆ?

ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ಕಾಯಕದ ಹೆಸರು ಹೇಳಿ ನಮ್ಮ ಹೆಣ್ಣುಮಕ್ಕಳನ್ನು ಹಗಲು ರಾತ್ರಿ ದುಡಿಸುವವರು ಲಕ್ಕಮ್ಮನ ಈ ಅರ್ಧವನ್ನು ಮರೆಯುತ್ತಾರೆ. ಕಾಯಕ ಕಲಿಸಿದ ಶರಣರೇ ಎಷ್ಟು ಸಾಕು ಅನ್ನುವುದನ್ನೂ ಕಲಿಸಿದರು. ಅದನ್ನು ಹೇಳಿದ್ದು ಮನೆಯ ಹೆಣ್ಣುಮಗಳು.

ಹಾಗಾದರೆ ಏನು ಮಾಡಬೇಕು? ವಾರಕ್ಕೆ ಇಷ್ಟು ಕಿಲೋ, ದಿನಕ್ಕೆ ಇಷ್ಟು ರೊಟ್ಟಿ ಅಂತ ಮೊದಲೇ ಗೊತ್ತುಮಾಡಿ. ಆ ಅಂಕಿಯನ್ನು ಗೋಡೆಗೆ ಬರೆದು ಅಂಟಿಸಿ. ಮನೆಯವರಿಗೂ ಕಾಣಲಿ. ಆರ್ಡರು ಸಂಜೆ ಆರರವರೆಗೆ ಮಾತ್ರ. ಹಬ್ಬದ ಆರ್ಡರಿಗೆ ಒಂದು ವಾರ ಮುಂಚೆ ಅರ್ಧ ಮುಂಗಡ. ವಾರದಲ್ಲಿ ಒಂದು ದಿನ ಒಲೆ ಹೊತ್ತಿಸುವುದಿಲ್ಲ, ಅಂದರೆ ಉದ್ಯೋಗದ ಒಲೆ. ಊಟದ ಒಲೆಯನ್ನು ಆ ದಿನ ಇನ್ನೊಬ್ಬರು ಹೊತ್ತಿಸಲಿ. ಮನೆಯಲ್ಲಿ ಗಂಡ, ಮಕ್ಕಳು ಇದ್ದಾರಲ್ಲ. ನಮ್ಮ ಮಾರುಕಟ್ಟೆಯ ಅಂಗಡಿಕಾರರು ವಾರಕ್ಕೊಮ್ಮೆ ಬಾಗಿಲು ಹಾಕುತ್ತಾರೆ. ಗಿರಾಕಿ ಮರುದಿನ ಬರುತ್ತಾನೆ. ನಿಮ್ಮಲ್ಲಿಗೂ ಬರುತ್ತಾನೆ.

ಹೊತ್ತು, ಬೆಲೆ, ಮಿತಿ ಆಯಿತು. ಈಗ ಮೈಯ ಮಾತು.

ನಮ್ಮಲ್ಲಿ ಸಾಮಾನ್ಯವಾಗಿ ನಲವತ್ತೈದರಿಂದ ಐವತ್ತರೊಳಗೆ ಮುಟ್ಟು ನಿಲ್ಲುತ್ತದೆ. ಉದ್ಯೋಗ ಶುರುವಾಗುವುದೂ ಅದೇ ವಯಸ್ಸಿನಲ್ಲಿ. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಝಳ ಏರುತ್ತದೆ. ಬೆವರು ಕಿತ್ತುಬರುತ್ತದೆ. ರಾತ್ರಿ ನಿದ್ದೆ ಹಾರಿಹೋಗುತ್ತದೆ. ಇದರ ಮೇಲೆ ಕಡಾಯಿಯ ಮುಂದೆ ನಾಲ್ಕು ಗಂಟೆ ನಿಂತರೆ ಹೇಗೆ? ಹುರಿಯುವ ಕೆಲಸವನ್ನು ಬೆಳಗಿನ ತಂಪು ಹೊತ್ತಿಗೆ ಇಟ್ಟುಕೊಳ್ಳಿ. ಕಿಟಕಿಗೆ ಹೊಗೆ ಎಳೆಯುವ ಫ್ಯಾನು ಹಾಕಿಸಿ. ಸಾಲದ ಅರ್ಜಿಯಲ್ಲಿ ಅದನ್ನೂ ಸೇರಿಸಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ಒಂದು ಕಲೆ ಕಂಡರೂ ವೈದ್ಯರ ಹತ್ತಿರ ಹೋಗಿ. ಹಬ್ಬದ ಆರ್ಡರ್ ಮುಗಿಯಲಿ ಅಂತ ಕಾಯಬೇಡಿ.

ಇನ್ನು ಕೀಲು, ಬೆನ್ನು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ರೊಟ್ಟಿ ಬಡಿದವರು ಏಳುವಾಗ ಗೋಡೆ ಹಿಡಿಯುತ್ತಾರೆ. ಮನೆ ಮಂದಿಗೆ ಹತ್ತು ರೊಟ್ಟಿ ಬಡಿಯುವುದು ಬೇರೆ. ಮಾರಲು ನೂರು ಬಡಿಯುವುದು ಬೇರೆ. ಸೊಂಟದೆತ್ತರದ ಕಟ್ಟೆ ಮಾಡಿಸಿ, ಬೆನ್ನು ಬಾಗದ ಹಾಗೆ. ಕಾಲಿಗೆ ಒಂದು ಸಣ್ಣ ಮಣೆ ಇಟ್ಟುಕೊಂಡು ಕಾಲು ಬದಲಿಸುತ್ತ ನಿಲ್ಲಿ. ತಾಸಿಗೊಮ್ಮೆ ಕೂರಿ. ತೋಳು ಮೇಲೆತ್ತಲು ಆಗದಂತೆ ಭುಜ ಹಿಡಿದುಕೊಳ್ಳುವ ಕಾಯಿಲೆ ಈ ವಯಸ್ಸಿನಲ್ಲಿ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ರಾತ್ರಿ ಬೆರಳು ಜುಮ್ಮೆಂದರೆ, ತುರುಬು ಕಟ್ಟಲು ಕೈ ಏಳದಿದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ತೋರಿಸಿ. ಖಾರ ಕುಟ್ಟುವಾಗ ಮೂಗು ಬಾಯಿಗೆ ಮಾಸ್ಕ್ ಹಾಕಿ. ಕೊರೋನಾ ಕಾಲದಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರಲಿ.

ಊಟದ ಮಾತು ಹೇಳಿದರೆ ನಗುತ್ತೀರಿ. ಊರಿಗೆಲ್ಲ ಉಣಬಡಿಸುವವಳು ತಾನು ಉಣ್ಣುವುದು ಮಧ್ಯಾಹ್ನ ಮೂರಕ್ಕೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ತೀರ ಇಳಿದು ಕಣ್ಣು ಕತ್ತಲೆ ಬರಬಹುದು. ಕುದಿಯುವ ಎಣ್ಣೆಯ ಮುಂದೆ ಕಣ್ಣು ಕತ್ತಲೆ ಬಂದರೆ ಏನಾದೀತು, ನೀವೇ ಯೋಚಿಸಿ. ಬಿಪಿ, ಸಕ್ಕರೆ ಇದೆಯೋ ಇಲ್ಲವೋ ಗೊತ್ತೇ ಇಲ್ಲ ಅನ್ನುವವರೂ ಬಹಳ ಜನ. ಮೂವತ್ತು ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಎರಡೂ ತಪಾಸಣೆ ಉಚಿತ. ಪಟ್ಟಣದಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್' ಇದೆ. ಹೆಣ್ಣುಮಕ್ಕಳಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯೂ ಇದರಲ್ಲೇ ಸೇರಿದೆ. ಸಂಕೋಚ ಬೇಡ. ರಾಜ್ಯದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಹೇಗೂ ಪುಕ್ಕಟೆ. ಸರಕು ತರಲು ಪೇಟೆಗೆ ಹೋಗುವ ದಿನವೇ ಆಸ್ಪತ್ರೆಯ ಕಡೆಗೂ ಹೋಗಿ ಬನ್ನಿ. ಅಂದ ಹಾಗೆ, ಬಸ್ಸಿನ ಖರ್ಚು ಸೊನ್ನೆಯಾಯಿತು ಅಂತ ವಾರಕ್ಕೆ ನಾಲ್ಕು ಸಲ ಪೇಟೆಗೆ ಓಡುವವರನ್ನೂ ನೋಡಿದ್ದೇನೆ. ಟಿಕೆಟ್ ಸೊನ್ನೆ, ದಣಿವು ಸೊನ್ನೆ ಅಲ್ಲ.

ಇನ್ನು ದುಡ್ಡಿನ ಮಾತು, ಚುಟುಕಾಗಿ. ಸಾಲದ ಚಿಂತೆ ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ಬಿಪಿ ಏರುತ್ತದೆ. ಅದಕ್ಕೇ ಇದೂ ಆರೋಗ್ಯದ ಮಾತೇ. ಸಣ್ಣದಾಗಿ ತೆಗೆದುಕೊಳ್ಳಿ. ಮುದ್ರಾ ಯೋಜನೆಯ ಶಿಶು ಸಾಲ 50 ಸಾವಿರದವರೆಗೆ ಸಿಗುತ್ತದೆ, ಅದಕ್ಕೆ ಅಡಮಾನ ಕೇಳುವುದಿಲ್ಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಗೆ 55ರವರೆಗೂ ಅರ್ಜಿ ಹಾಕಬಹುದು, ಅದರಲ್ಲಿ ಸಹಾಯಧನವೂ ಇದೆ. ಆಹಾರ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. 14 ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ಅದನ್ನು ಪ್ಯಾಕೆಟ್ಟಿನ ಮೇಲೆ ಹಾಕಿ. ತರಬೇತಿ ಬೇಕಿದ್ದರೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯ ಸಂಸ್ಥೆಗಳು ಜಿಲ್ಲೆ ಜಿಲ್ಲೆಗಳಲ್ಲಿವೆ. ಊಟ, ವಸತಿ ಅಲ್ಲೇ. ವಯಸ್ಸಿನ ಮಿತಿಯನ್ನು ಮೊದಲೇ ಕೇಳಿಕೊಳ್ಳಿ. ಮೈಮೇಲಿನ ಬಂಗಾರ ಒತ್ತೆ ಇಟ್ಟು ದೊಡ್ಡ ಯಂತ್ರ ತರುವ ಕೆಲಸ ಮೊದಲ ವರ್ಷ ಬೇಡವೇ ಬೇಡ.

ಗಂಡಸರಿಗೂ ಒಂದು ಮಾತಿದೆ. ಐವತ್ತಕ್ಕೆ ಕಂಪನಿ ಬಿಟ್ಟು ಬಂದು, ಪಿಎಫ್ ದುಡ್ಡಿನಲ್ಲಿ ಅಂಗಡಿ ಹಾಕುವವರು ಈಚೆಗೆ ಹೆಚ್ಚಾಗಿದ್ದಾರೆ. ಕಂಪನಿ ಬಿಟ್ಟ ದಿನವೇ ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ನಿಲ್ಲುತ್ತದೆ. ಹೊಸ ವಿಮೆ ಮಾಡಿಸಿದರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಆದ್ದರಿಂದ ಕೆಲಸ ಬಿಡುವ ಮೊದಲೇ ಸ್ವಂತ ವಿಮೆ ಮಾಡಿಸಿಕೊಳ್ಳಿ. ಅಂಗಡಿಯ ಫಲಕ ಬರೆಸುವುದು ಆಮೇಲೆ. ಮತ್ತೆ, ಮನೆಯಲ್ಲಿ ಹೆಂಡತಿ ಉದ್ಯೋಗ ಶುರು ಮಾಡಿದ್ದರೆ ಗಂಡಸರ ಮನೆಗೆಲಸದ ಆ ಒಂದೂವರೆ ಗಂಟೆಯ ಲೆಕ್ಕ ನೆನಪಿರಲಿ. ಅದು ಮೂರು ಗಂಟೆಯಾಗಲಿ. ಪ್ಯಾಕೆಟ್ ಅಂಟಿಸಿಕೊಟ್ಟರೆ ಸಾಲದು, ಪಾತ್ರೆಯನ್ನೂ ತೊಳೆಯಿರಿ.

ಕೆಲವರು ಕೇಳಬಹುದು, ಇಷ್ಟೆಲ್ಲ ಲೆಕ್ಕ ಹಾಕಿದರೆ ಕೆಲಸದ ಖುಷಿ ಎಲ್ಲಿ ಉಳಿಯಿತು ಅಂತ. ನನ್ನ ಅನುಭವ ಬೇರೆ. ತಾನು ಮಾಡಿದ ಪದಾರ್ಥಕ್ಕೆ ನ್ಯಾಯವಾದ ಬೆಲೆ ಹೇಳಿ, ಅದನ್ನು ಗಿರಾಕಿ ಮರುಮಾತಿಲ್ಲದೆ ಕೊಟ್ಟಾಗ ಹೆಣ್ಣುಮಗಳ ಮುಖದಲ್ಲಿ ಬರುವ ಗೆಲುವನ್ನು ಬ್ಯಾಂಕಿನ ಕೌಂಟರಿನಾಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಪುಕ್ಕಟೆ ಹೊಗಳಿಕೆಗೆ ಅಂಥ ಗೆಲುವು ಬರುವುದಿಲ್ಲ.

ಉದ್ಯೋಗ ಶುರು ಮಾಡಬೇಕೆಂದಿರುವವರು ಈ ವಾರ ಎರಡು ಕೆಲಸ ಮಾಡಿ. ಒಂದು, ಬಿಪಿ ಮತ್ತು ಸಕ್ಕರೆ ತಪಾಸಣೆ ಮಾಡಿಸಿ. ಎರಡು, ಒಂದು ನೂರು ಪುಟದ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಖರ್ಚಿನ ಪಟ್ಟಿ ಬರೆಯಿರಿ. ಶೇಂಗಾ, ಎಣ್ಣೆ, ಗ್ಯಾಸಿಗಿಂತ ಮೇಲೆ, ಮೊದಲನೆಯ ಸಾಲಿನಲ್ಲಿ, ನಿಮ್ಮ ಹೆಸರು ಮತ್ತು ನಿಮ್ಮ ದಿನಗೂಲಿ ಇರಲಿ.